ಎಂಬತ್ತೊಂಬತ್ತು ವರ್ಷದ ಕಾರು, ಇನ್ನೂ ಹುಟ್ಟದ ಕಾರು

ಕಾರುಗಳಿಗೆ ಬ್ರೇಕು ಹಾಕುವುದನ್ನು ಕಲಿಸುವುದೇ ಅಕೀಲಾಳ ಕೆಲಸ. ಹಾಗೆಂದರೆ ಹರಿಹರದಲ್ಲಿರುವ ಅವಳ ಅಮ್ಮನಿಗೆ ಇವತ್ತಿಗೂ ನಗು. “ಕಾರಿಗೇನ್ ಕಲಿಸೋದು ಬೇಟಾ, ಓಡ್ಸೋರಿಗೆ ಕಲಿಸ್ಬೇಕು” ಎನ್ನುತ್ತಾಳೆ. ಆದರೆ ಮಾತು ನಿಜ. ನೆದರ್ಲೆಂಡ್ಸ್ ದೇಶದ ಟಿಲ್‌ಬರ್ಗ್ ಊರಾಚೆ, ವಿಮಾನಗಳು ಇಳಿಯುವುದನ್ನು ಬಿಟ್ಟು ಎಷ್ಟೋ ಕಾಲವಾದ ಒಂದು ರನ್‌ವೇ ಇದೆ. ಮಾರುಕಟ್ಟೆಗೆ ಇನ್ನೂ ಬಾರದ ಸೆಡಾನ್ ಕಾರೊಂದು ಅಲ್ಲಿ ದಿನಕ್ಕೆ ನಲವತ್ತು ಸಲ ಓಡುತ್ತದೆ. ಆಕಾರ ಯಾರಿಗೂ ಗೊತ್ತಾಗಬಾರದೆಂದು ಮೈತುಂಬ ಕಪ್ಪುಬಿಳಿ ಸುರುಳಿಗಳ ಸ್ಟಿಕರ್. ಎದುರಿಗೆ ಸ್ಪಂಜಿನ ಬೊಂಬೆಯೊಂದು ಅಡ್ಡ ಬರುತ್ತದೆ. ಡ್ರೈವರ್ ಕಾಲು ಅಲ್ಲಾಡಿಸುವಂತಿಲ್ಲ, ಕಾರು ತಾನೇ ನಿಲ್ಲಬೇಕು. ಡ್ರೈವರ್ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಅಕೀಲಾ, ಕಾರಿಗೆ ಬೊಂಬೆ ಕಂಡದ್ದು ಯಾವಾಗ, ನಿರ್ಧಾರ ಮಾಡಿದ್ದು ಯಾವಾಗ, ನಿಂತದ್ದು ಎಲ್ಲಿ ಎಂದು ಗುರುತು ಹಾಕಿಕೊಳ್ಳುತ್ತಾಳೆ. ಇಂಥ ಓಟಗಳನ್ನು ಅವಳು ಸಾವಿರಗಟ್ಟಲೆ ನೋಡಿದ್ದಾಳೆ.

ಇಷ್ಟಿದ್ದೂ ನೆದರ್ಲೆಂಡ್ಸ್‌ನ ಡ್ರೈವಿಂಗ್ ಪರೀಕ್ಷೆಯಲ್ಲಿ ಅವಳು ಎರಡು ಸಲ ಫೇಲಾದಳು. ಮೊದಲ ಸಲ ಸೈಕಲ್ಲಿನವಳಿಗೆ ದಾರಿ ಬಿಡಲಿಲ್ಲ ಎಂದು, ಎರಡನೇ ಸಲ ದಾರಿ ಬಿಡುತ್ತಾ ಬಿಡುತ್ತಾ ನಿಂತೇಬಿಟ್ಟಳು ಎಂದು. ಮೂರನೇ ಸಲ ಪಾಸಾಗಿ ರೈಬೆವೇಸ್, ಅಂದರೆ ಲೈಸೆನ್ಸಿನ ಕಾರ್ಡು, ಮನೆಗೆ ತಂದಾಗ ಗಂಡ ತೌಸಿಫ್ ಅದನ್ನು ಫ್ರಿಜ್ ಮೇಲೆ ಅಂಟಿಸಿ ಒಂದು ವಾರ ಬಂದವರಿಗೆಲ್ಲ ತೋರಿಸಿದ್ದ. ಅವನು ಅದೇ ಊರಿನ ಗೋದಾಮಿನಲ್ಲಿ ಲಾರಿಗಳ ಬರುವ ಹೋಗುವ ಹೊತ್ತು ಗೊತ್ತು ಮಾಡುವ ಕೆಲಸದಲ್ಲಿದ್ದಾನೆ. ಒಂಬತ್ತು ವರ್ಷದ ಮಗಳು ಮಹನೂರ್ ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲಿ ಉತ್ತರಿಸುತ್ತಾಳೆ.

ಅವರ ಸಾಲುಮನೆಯ ಹಿಂದೆ ಒಂದು ಓಣಿ. ಓಣಿಯ ಕೊನೆಗೆ ನಾಲ್ಕು ಗ್ಯಾರೇಜುಗಳು. ಕಳೆದ ವರ್ಷದ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಕಸದ ಡಬ್ಬಿ ತಳ್ಳಿಕೊಂಡು ಹೊರಟವಳ ಕಿವಿಗೆ ಅಲ್ಲಿಂದ ಒಂದು ಸದ್ದು ಬಿತ್ತು. ಎಂಜಿನ್ನೇ, ಆದರೆ ಒಂದೊಂದು ಬಡಿತವೂ ಬೇರೆ ಬೇರೆಯಾಗಿ ಎಣಿಸುವಷ್ಟು ನಿಧಾನ. ಅಕೀಲಾಳ ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಯಂತ್ರದ ಮುಂದೆ ಕಣ್ಣು ಮುಚ್ಚಿ ಕೂತು ಚಕ್ರ ತಿರುಗಿಸಿ, ಕೇಳಿಸಿಕೊಂಡೇ ಎಲ್ಲಿ ಸವೆದಿದೆ ಎಂದು ಹೇಳುತ್ತಿದ್ದರು. ಅಪ್ಪನ ಪಕ್ಕ ಕೂತು ಬೆಳೆದವಳಿಗೆ ಈ ಸದ್ದನ್ನು ದಾಟಿ ಹೋಗಲಾಗಲಿಲ್ಲ. ಡಬ್ಬಿಯನ್ನು ಅಲ್ಲೇ ಬಿಟ್ಟು ಗ್ಯಾರೇಜಿನ ಬಾಗಿಲಿಗೆ ಹೋಗಿ ನಿಂತಳು.

ಒಳಗೆ ಕಡು ಹಸಿರು ಬಣ್ಣದ, ಎತ್ತರದ, ಹಳೇ ಕಾಲದ ಕಾರು. ಅದರ ಎರಡೂ ಕಡೆ ಬಾನೆಟ್ಟು ರೆಕ್ಕೆಯ ಹಾಗೆ ಮೇಲೆದ್ದಿತ್ತು. ಒಬ್ಬ ಮುದುಕರು ಎಂಜಿನ್ನಿನ ಮೇಲೆ ಬಾಗಿ, ನೋಡದೆ, ಬೆರಳಿನಿಂದ ಮುಟ್ಟಿ ಮುಟ್ಟಿ ಏನೋ ಹುಡುಕುತ್ತಿದ್ದರು.

“ಯಾರದು?” ಎಂದರು ತಲೆಯೆತ್ತಿ. “ನಿನ್ನ ಚಪ್ಪಲಿ ಕಾಣುತ್ತೆ, ತೋಳು ಕಾಣುತ್ತೆ. ಮುಖ ಮಾತ್ರ ಕಾಣಲ್ಲ. ನನ್ನ ಕಣ್ಣು ಹಾಗೆ. ನಡುವೆ ಮಾಸಿ ಹೋಗಿದೆ, ಅಂಚು ಮಾತ್ರ ಉಳಿದಿದೆ.”

“ನಾನು ಹದಿನಾಲ್ಕನೇ ಮನೆಯವಳು, ಅಕೀಲಾ. ನಿಮ್ಮ ಎಂಜಿನ್ನಲ್ಲಿ ಮೂರನೇ ಬಡಿತ ಸ್ವಲ್ಪ ತಡವಾಗಿ ಬೀಳ್ತಾ ಇದೆ ಅನ್ಸುತ್ತೆ” ಎಂದಳು ತನಗೆ ಬಂದ ಡಚ್ಚಿನಲ್ಲಿ.

ಮುದುಕರು ಎಂಜಿನ್ನಿನ ಕಡೆ ಕಿವಿ ವಾಲಿಸಿ ಕೇಳಿಸಿಕೊಂಡರು. ಆಮೇಲೆ ಎಣ್ಣೆ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿ ಮುಂದೆ ಚಾಚಿದರು. “ನಾನು ವಿಲ್ಲೆಮ್. ಒಳಗೆ ಬಾ.”

ವಿಲ್ಲೆಮ್‌ರಿಗೆ ಎಂಬತ್ತಮೂರು. ಕಣ್ಣಿನ ವೈದ್ಯರು ಇನ್ನು ಗಾಡಿ ಓಡಿಸಕೂಡದು ಎಂದಿದ್ದರಿಂದ ಲೈಸೆನ್ಸು ಹಿಂದಿರುಗಿಸಿ ಒಂದು ವರ್ಷವಾಗಿತ್ತು. ಕಾರಿಗೆ ಎಂಬತ್ತೊಂಬತ್ತು. ಎಂದೋ ಬಾಗಿಲು ಹಾಕಿದ ಇಂಗ್ಲಿಷ್ ಕಂಪನಿಯೊಂದು 1936ರಲ್ಲಿ ಮಾಡಿದ್ದು. ವಾಗೆನಿಂಗನ್ ಬಳಿಯ ಹಳ್ಳಿಗಳಲ್ಲಿ ದನದ ಡಾಕ್ಟರಾಗಿದ್ದ ವಿಲ್ಲೆಮ್‌ರ ಅಪ್ಪ ಇದರಲ್ಲೇ ಹಸು ಕರು ಹಾಕುವ ಕಡೆಗೆಲ್ಲ ಓಡುತ್ತಿದ್ದರಂತೆ. ಯುದ್ಧ ಬಂದು, ಜರ್ಮನ್ ಸೈನಿಕರು ಕಂಡ ಕಂಡ ಕಾರುಗಳನ್ನು ಎಳೆದೊಯ್ಯತೊಡಗಿದಾಗ ಅವರು ನಾಲ್ಕು ಚಕ್ರಗಳನ್ನೂ ಬಿಚ್ಚಿ ನಾಲ್ವರು ರೈತರ ಮನೆಗಳಿಗೆ ಕೊಟ್ಟರು. ಕಾರಿನ ಮೈಯನ್ನು ಹುಲ್ಲಿನ ಬಣವೆಯೊಳಗೆ ಹೂತರು. ಆ ನಾಲ್ಕರಲ್ಲಿ ಒಂದು ಮನೆಯವರು ಊರೇ ಖಾಲಿ ಮಾಡಬೇಕಾಗಿ ಬಂದಾಗ ಪಾತ್ರೆಪಗಡ ಬಿಟ್ಟು ಚಕ್ರವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದರಂತೆ. ಯುದ್ಧ ಮುಗಿದ ಮೇ ತಿಂಗಳಲ್ಲಿ ನಾಲ್ಕೂ ಚಕ್ರಗಳು ವಾಪಸು ಬಂದವು.

“ಪಾತ್ರೆ ಬಿಟ್ಟು ಚಕ್ರ ಯಾಕೆ ತಗೊಂಡ್ರು?” ಅಕೀಲಾ ಬೆರಗಾಗಿ ಕೇಳಿದಳು.

“ಚಕ್ರ ಇಲ್ದೆ ಡಾಕ್ಟರು ಬರದಿದ್ರೆ ಅವರ ಹಸು ಉಳಿಯುತ್ತಾ?” ಎಂದರು ವಿಲ್ಲೆಮ್, ಅದರಲ್ಲೇನು ವಿಶೇಷ ಎನ್ನುವಂತೆ.

ಅವತ್ತು ಅಕೀಲಾ ಟಾರ್ಚ್ ಹಿಡಿದು ಕಾರಿನ ಕೆಳಗೆ ಅಂಗಾತ ಮಲಗಿದಳು. ಬ್ರೇಕಿನ ಪೆಡಲಿನಿಂದ ಹೊರಟ ಕಬ್ಬಿಣದ ಕಂಬಿಯೊಂದು ನಡುವಿನ ಅಡ್ಡದಂಡಕ್ಕೆ ಬರುತ್ತಿತ್ತು. ಅಲ್ಲಿಂದ ನಾಲ್ಕು ಕಂಬಿಗಳಾಗಿ ಕವಲೊಡೆದು ನಾಲ್ಕು ಚಕ್ರಗಳಿಗೆ ಹೋಗುತ್ತಿತ್ತು. ಅಷ್ಟೇ. ಮೇಲಿಂದ ವಿಲ್ಲೆಮ್ ಪೆಡಲ್ ಒತ್ತಿದಾಗ ಕಂಬಿಗಳು ಅವಳ ಮೂಗಿನ ಮೇಲೇ ಒಂದಂಗುಲ ಸರಿದು, ನಾಲ್ಕು ಮೂಲೆಯಲ್ಲಿ ಬ್ರೇಕು ಕಚ್ಚಿದ ಸದ್ದು ಕೇಳಿಸಿತು. ಹನ್ನೆರಡು ವರ್ಷ ಬ್ರೇಕಿನ ಮೇಲೇ ಕೆಲಸ ಮಾಡಿದ ಅವಳು ಒಬ್ಬ ಮನುಷ್ಯನ ಕಾಲಿನ ಬಲ ಚಕ್ರಕ್ಕೆ ಹೋಗಿ ಮುಟ್ಟುವುದನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

“ನಮ್ಮ ಕಾರಲ್ಲಿ ಪೆಡಲ್ ಒತ್ತಿದ್ರೆ ಅದು ಒಂದು ಅರ್ಜಿ ಅಷ್ಟೇ” ಎಂದಳು ಹೊರಗೆ ಬಂದು. “ಕಂಪ್ಯೂಟರ್ ಅದನ್ನ ಓದುತ್ತೆ. ರೋಡು ಒದ್ದೆಯಾ, ಚಕ್ರ ಜಾರ್ತಾ ಇದೆಯಾ ನೋಡುತ್ತೆ. ಆಮೇಲೆ ಎಷ್ಟು ಬ್ರೇಕ್ ಹಾಕ್ಬೇಕು ಅಂತ ತಾನೇ ತೀರ್ಮಾನ ಮಾಡುತ್ತೆ.”

“ಹಾಗಾದ್ರೆ ಓಡಿಸೋರು ಯಾರು?”

ಅಕೀಲಾ ಬಗ್ಗಿ ಬ್ರೇಕಿನ ಪೆಡಲನ್ನು ಕೈಯಿಂದಲೇ ಇನ್ನೊಂದು ಸಲ ಒತ್ತಿ ನೋಡಿದಳು.

ಅಲ್ಲಿಂದ ಮುಂದೆ ಭಾನುವಾರದ ಬೆಳಗುಗಳು ಆ ಕಾರಿನ ಪಾಲಾದವು. ರಜೆಯ ದಿನ ಬಿಕೋ ಎನ್ನುವ ಗೋದಾಮುಗಳ ರಸ್ತೆಯಲ್ಲಿ ವಿಲ್ಲೆಮ್ ಅವಳಿಗೆ ಕಾರು ಕಲಿಸಿದರು. ಎಂಜಿನ್ ಚಾಲೂ ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯುವುದು, ಅದು ತಿರುಗಿ ಒದ್ದರೆ ಮುರಿಯದಂತೆ ಹೆಬ್ಬೆರಳನ್ನು ಒಳಗೆ ಮಡಚದೆ ಹೊರಗೇ ಇಟ್ಟುಕೊಳ್ಳುವುದು, ಗೇರು ಬದಲಿಸುವಾಗ ಎರಡು ಸಲ ಕ್ಲಚ್ ತುಳಿಯುವುದು. ಮೊದಲ ಮೂರು ವಾರ ಗೇರು ಜಪ್ಪಯ್ಯ ಅಂದರೂ ಬೀಳಲಿಲ್ಲ. ಗರ್ರೆಂದು ಹಲ್ಲು ಕಡಿಯುತ್ತಿತ್ತು. ಪ್ರತಿ ಸಲವೂ ವಿಲ್ಲೆಮ್ ತಮ್ಮದೇ ಹಲ್ಲು ಕಿತ್ತಂತೆ ಮುಖ ಕಿವುಚುತ್ತಿದ್ದರು.

“ಕೈ ನೋಡ್ಬೇಡ, ಕೇಳು. ಎಂಜಿನ್ ದನಿ ಇಳಿಯುತ್ತಲ್ಲ, ಅದು ಸಾಕು ಅನ್ನುವಾಗ ಹಾಕು.”

ನಾಲ್ಕನೇ ಭಾನುವಾರ ಗೇರು ಸದ್ದಿಲ್ಲದೆ ಜಾರಿ ಬಿತ್ತು. ಹಿಂದಿನ ಸೀಟಿನಲ್ಲಿದ್ದ ಮಹನೂರ್ ಚಪ್ಪಾಳೆ ತಟ್ಟಿದಳು. ಕಾರಿನ ಬದಿಯ ಕಂಬದಿಂದ ಪುಟ್ಟ ಲೋಹದ ಕೈಯೊಂದು ಟಪ್ಪನೆ ಹೊರಗೆ ಬಂದು ತಿರುವು ತೋರಿಸುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ವಿಲ್ಲೆಮ್‌ರನ್ನು ಆಗಲೇ ಡಚ್ಚಿನಲ್ಲಿ ಓಪಾ, ಅಂದರೆ ಅಜ್ಜ, ಎಂದು ಕರೆಯತೊಡಗಿದ್ದಳು. ನಲವತ್ತು ಕಿಲೋಮೀಟರ್ ವೇಗಕ್ಕೆ ಇಡೀ ಕಾರು ನಡುಗಿತು. ಅಕೀಲಾಳ ಕೈ, ಕಾಲು, ಕಿವಿ, ಬೆನ್ನು ಎಲ್ಲಕ್ಕೂ ಕೆಲಸವಿತ್ತು. ಒಂದು ಕ್ಷಣ ಬೇರೇನಾದರೂ ಯೋಚಿಸಿದರೆ ಕಾರು ರಸ್ತೆಯ ಅಂಚಿಗೆ ವಾಲುತ್ತಿತ್ತು. ಮನೆಗೆ ಬಂದು ಸ್ಟೇರಿಂಗ್ ಬಿಟ್ಟಾಗ ಅಂಗೈ ಬೆವತಿತ್ತು. ಈ ಯಂತ್ರದಲ್ಲಿ ಒಬ್ಬ ವೈದ್ಯ ಮಂಜಿನಲ್ಲಿ, ಮಳೆಯಲ್ಲಿ, ಎಷ್ಟು ಹಟ್ಟಿಗಳಿಗೆ ಹೋಗಿರಬಹುದು ಎಂದು ಯೋಚಿಸುತ್ತಲೇ ಅವಳು ಗ್ಯಾರೇಜಿನ ಬಾಗಿಲು ಹಾಕಿದಳು.

ಜೂನ್ ತಿಂಗಳಲ್ಲಿ ಕಂಪನಿಯ ಕುಟುಂಬ ದಿನ ಬಂತು. ಅಕೀಲಾಳ ತಂಡದ ಮುಖ್ಯಸ್ಥ ಚಿರಂತನ, ಮೈಸೂರಿನವನು, ಅವಳ ಫೋನಿನಲ್ಲಿ ಹಳೇ ಕಾರಿನ ಫೋಟೋ ನೋಡಿ ಬಿಡಲೇ ಇಲ್ಲ.

“ಅಕೀಲಾ, ಇದನ್ನ ತಗೊಂಡ್ ಬನ್ನಿ ಪ್ಲೀಸ್. ಟ್ರ್ಯಾಕ್ ಮೇಲೆ ಎರಡೂ ಕಾರು ಪಕ್ಕ ಪಕ್ಕ ಬ್ರೇಕ್ ಟೆಸ್ಟ್ ಮಾಡೋಣ. ಫ್ಯಾಮಿಲಿಗಳಿಗೆ ನಾವೇನ್ ಮಾಡ್ತೀವಿ ಅಂತ ಒಂದ್ಸಲಕ್ಕೆ ಅರ್ಥ ಆಗ್ಬಿಡುತ್ತೆ.”

ವಿಲ್ಲೆಮ್ ಒಪ್ಪಿದರು. “ನಾನೂ ಬರ್ತೀನಿ. ನನ್ನ ಕಾರು ಸೋಲೋದನ್ನ ಬೇರೆಯವರ ಬಾಯಲ್ಲಿ ಕೇಳೋಕೆ ನಂಗಿಷ್ಟ ಇಲ್ಲ.”

ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು. ಗೆರೆ ಮುಟ್ಟುವಾಗ ಗಂಟೆಗೆ ಐವತ್ತು ಕಿಲೋಮೀಟರ್ ವೇಗ, ಅಲ್ಲಿಂದ ಬ್ರೇಕು. ಸುರುಳಿ ಸ್ಟಿಕರಿನ ಸೆಡಾನ್ ಸದ್ದಿಲ್ಲದೆ ಬಂದು, ಮೂಗು ತುಸು ತಗ್ಗಿಸಿ, ಹನ್ನೊಂದು ಮೀಟರಿಗೆ ಗೂಟ ಹೊಡೆದಂತೆ ನಿಂತಿತು. ಆಮೇಲೆ ಅಕೀಲಾಳ ಸರದಿ. ಅವಳು ಪೆಡಲಿನ ಮೇಲೆ ಎದ್ದು ನಿಂತೇಬಿಟ್ಟಳು, ಹ್ಯಾಂಡ್‌ಬ್ರೇಕನ್ನೂ ಎಳೆದಳು. ಹಸಿರು ಕಾರು ನರಳಿತು, ಎಡಕ್ಕೆ ಎಳೆಯಿತು, ಗಡಗಡ ಎಂದಿತು. ನಿಂತಾಗ ಗೆರೆ ಮೂವತ್ತೊಂದು ಮೀಟರ್ ಹಿಂದೆ ಇತ್ತು. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. ಎರಡು ಕಾರುಗಳು ನಿಂತ ಜಾಗಗಳ ನಡುವಿನ ಇಪ್ಪತ್ತು ಮೀಟರನ್ನು ಮಕ್ಕಳು ಓಡಿ ಓಡಿ ಅಳೆದರು. ಚಿರಂತನ ಮೈಕಿನಲ್ಲಿ, “ಈ ಇಪ್ಪತ್ತು ಮೀಟರಲ್ಲಿ ಎಷ್ಟು ಜನ ರಸ್ತೆ ದಾಟಬಹುದು ಯೋಚನೆ ಮಾಡಿ” ಎಂದ ಮೇಲೆ ನಗು ನಿಂತಿತು.

ವಿಲ್ಲೆಮ್ ಸೆಡಾನಿನ ಹತ್ತಿರ ಬಂದು ಅದರ ಮೈಯನ್ನು ಅಂಗೈಯಿಂದ ಸವರಿದರು. “ಇದರಲ್ಲಿ ಒಂದು ಸಲ ಕೂರಬಹುದಾ?”

ಅವರನ್ನು ಮುಂದೆ ಕೂರಿಸಿದರು. ಅಕೀಲಾ ಹಿಂದೆ ಕೂತಳು. ಡ್ರೈವರ್ ನಲವತ್ತಕ್ಕೆ ವೇಗ ಏರಿಸಿ ಕಾಲು ತೆಗೆದು ನೆಲದ ಮೇಲಿಟ್ಟುಕೊಂಡ. ರಸ್ತೆ ಬದಿಗೆ ನಿಲ್ಲಿಸಿದ್ದ ವ್ಯಾನಿನ ಮರೆಯಿಂದ ಮಗುವಿನ ಗಾತ್ರದ ಬೊಂಬೆ ಸರ್ರನೆ ಅಡ್ಡ ಬಂತು. ಕಾರು ಬೆಲ್ಟು ಬಿಗಿದು ಹಿಡಿದು ನಿಂತುಬಿಟ್ಟಿತು.

“ಏನಾಯ್ತು? ಯಾಕೆ ನಿಲ್ಲಿಸಿದೆ?” ಎಂದರು ವಿಲ್ಲೆಮ್.

“ಯಾರೂ ನಿಲ್ಲಿಸಲಿಲ್ಲ ಓಪಾ. ಎದುರಿಗೆ ಮಗು ಬೊಂಬೆ ಇದೆ, ಒಂದು ಮಾರು ದೂರದಲ್ಲಿ. ಕಾರೇ ನೋಡಿ ನಿಂತಿತು.”

ವಿಲ್ಲೆಮ್ ಕತ್ತನ್ನು ಆ ಕಡೆ ಈ ಕಡೆ ಓರೆ ಮಾಡಿ ಕಣ್ಣಿನ ಅಂಚಿನಿಂದ ಹುಡುಕಿದರು. ಬೊಂಬೆ ಸಿಕ್ಕಿತು. ಅವರ ಬಾಯಿ ಅರ್ಧ ತೆರೆದುಕೊಂಡಿತು. ಡ್ಯಾಶ್‌ಬೋರ್ಡಿನ ಮೇಲೆ, ಹಸುವಿನ ಹಣೆಗೆ ಕೈಯಿಟ್ಟಂತೆ, ಮೆಲ್ಲಗೆ ಕೈಯಿಟ್ಟರು.

“ನಂಗೆ ಕಾಣದ್ದು ಇದಕ್ಕೆ ಕಂಡಿತು” ಎಂದರು. ಇನ್ನೊಂದು ಸಲ ಮಾಡಿಸಿದರು. ಮತ್ತೊಂದು ಸಲ. ಮೂರನೇ ಸಲ ಕಾರು ನಿಂತಾಗ ಅವರ ಕಣ್ಣಲ್ಲಿ ನೀರಿತ್ತು. ಅರವತ್ತು ವರ್ಷ ಹಸಿರು ಕಾರನ್ನು ಓಡಿಸಿದ ಮನುಷ್ಯ ಚಿಕ್ಕ ಹುಡುಗನ ಹಾಗೆ ಕೂತಿದ್ದರು.

ವಾಪಸು ಬರುವಾಗ ಹಳೇ ಕಾರಿನ ಗದ್ದಲದಲ್ಲಿ ಅವರು ಗಟ್ಟಿಯಾಗಿ ಕೇಳಿದರು: “ಮುಂದಿನ ತಿಂಗಳು ನಂಗೆ ಕುರುಡರ ಬಿಳಿ ಕೋಲು ಕೊಡ್ತಾರೆ. ಬಗ್ಗಿಕೊಂಡು, ಕೋಲು ಆಡಿಸ್ಕೊಂಡು ರಸ್ತೆ ದಾಟ್ತೀನಲ್ಲ, ನಿನ್ನ ಕಾರಿಗೆ ನಾನು ಮನುಷ್ಯ ಅಂತ ಗೊತ್ತಾಗುತ್ತಾ?”

“ಗೊತ್ತಾಗುತ್ತೆ ಓಪಾ” ಎಂದುಬಿಟ್ಟಳು ಅಕೀಲಾ. ಹೇಳಿದ ಮರುಕ್ಷಣವೇ ತನ್ನ ತಂಡದ ಪರೀಕ್ಷೆಗಳ ಪಟ್ಟಿಯನ್ನು ಮನಸ್ಸಿನಲ್ಲೇ ಓದಿಕೊಂಡಳು. ಅದರಲ್ಲಿ ನಡೆಯುವವರಿದ್ದರು, ಓಡುವ ಮಕ್ಕಳಿದ್ದರು, ಸೈಕಲ್ಲಿನವರಿದ್ದರು. ಬಿಳಿ ಕೋಲು ಹಿಡಿದು ಬಗ್ಗಿ ನಡೆಯುವ ಮುದುಕರು ಇರಲಿಲ್ಲ. ಅವಳು ಗೊತ್ತಿಲ್ಲದ್ದನ್ನು ಗೊತ್ತು ಎಂದಿದ್ದಳು.

ಸೋಮವಾರ ಚಿರಂತನನ ಮೇಜಿನ ಮುಂದೆ ನಿಂತು, ಬಿಳಿ ಕೋಲಿನವರ ಪರೀಕ್ಷೆಯೂ ಆಗಬೇಕು ಎಂದಳು.

“ರೂಲ್ಸಲ್ಲಿ ಇಲ್ಲ ಅಕೀಲಾ” ಎಂದ ಅವನು. “ಇರೋ ಟೆಸ್ಟ್‌ಗಳೇ ಮುಗೀತಿಲ್ಲ. ಕಾರಿನ ರಿಲೀಸ್ ತಲೆ ಮೇಲಿದೆ.”

“ಅರ್ಧ ದಿನ ಕೊಡಿ ಸಾಕು. ಏನೂ ತೊಂದ್ರೆ ಇಲ್ಲ ಅಂತ ಗೊತ್ತಾದ್ರೆ ನಾನು ಮತ್ತೆ ಬಾಯಿ ಬಿಡಲ್ಲ.”

ಅವನು ಕ್ಯಾಲೆಂಡರ್ ನೋಡಿ, ನಿಟ್ಟುಸಿರು ಬಿಟ್ಟು, ಅರ್ಧ ದಿನ ಕೊಟ್ಟ. ಅದು ಸಿಕ್ಕಿದ್ದು ಮಾತ್ರ ನವೆಂಬರಿನಲ್ಲಿ.

ನವೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಬೆಳಕು ಕರಗುತ್ತದೆ. ಬೊಂಬೆಯ ಸೊಂಟವನ್ನು ಬಗ್ಗಿಸಿ ಕಟ್ಟಿದರು. ಕೈಗೆ ತೆಳ್ಳನೆಯ ಬಿಳಿ ಕೊಳವೆ ಸಿಕ್ಕಿಸಿದರು. ವಿಲ್ಲೆಮ್ ತಾವೇ ಕೊಟ್ಟು ಕಳಿಸಿದ ಬೂದು ಬಣ್ಣದ ಹಳೇ ಕೋಟನ್ನು ತೊಡಿಸಿದರು. ತುಂತುರು ಮಳೆ. ಬೊಂಬೆ ಸ್ವಲ್ಪ ಸರಿದು, ನಿಂತು, ಮತ್ತೆ ಸರಿಯುವಂತೆ ಹೊಂದಿಸಿದರು. ಕೋಲು ಆಡಿಸುತ್ತ ನಡೆಯುವವರು ಹಾಗೇ ತಾನೇ ನಡೆಯುವುದು? ಸೆಡಾನ್ ಹೊರಟಿತು. ಬೊಂಬೆ ರಸ್ತೆಗಿಳಿಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ‘ಮನುಷ್ಯ’ ಎಂಬ ಗುರುತು ಬರಬೇಕಾದ ಹೊತ್ತಿಗೆ ಬರಲಿಲ್ಲ. ಬಂತು, ಹೋಯಿತು, ಮತ್ತೆ ಬಂತು. ಕಾರು ಬ್ರೇಕು ಹಾಕಿತು, ಆದರೆ ತಡವಾಗಿ. ದೊಪ್ ಎಂದು ಸದ್ದಾಯಿತು. ಬೂದು ಕೋಟು ಒದ್ದೆ ನೆಲದ ಮೇಲೆ ಮಗುಚಿ ಬಿದ್ದಿತ್ತು.

ಡ್ರೈವರ್ ಕೆಳಗಿಳಿಯಲಿಲ್ಲ. ಅಕೀಲಾ ಇಳಿದು ಹೋಗಿ ಬೊಂಬೆಯನ್ನು ಎಬ್ಬಿಸಿದಳು. ಸ್ಪಂಜು ಎಂದು ಗೊತ್ತಿದ್ದರೂ ಭುಜದ ಮಣ್ಣು ಕೊಡವಿದಳು. ರನ್‌ವೇ ಅಂಚಿನಲ್ಲಿ ಛತ್ರಿ ಹಿಡಿದು ನಿಂತಿದ್ದ ಚಿರಂತನ ನಡೆದುಕೊಂಡೇ ಬಂದ.

“ಇನ್ನೊಂದ್ಸಲ ಮಾಡಿ” ಎಂದ. ಆರು ಸಲ ಮಾಡಿದರು. ಎರಡು ಸಲ ನಿಂತಿತು, ನಾಲ್ಕು ಸಲ ಇಲ್ಲ. ಚಿರಂತನ ಛತ್ರಿ ಮಡಚಿ, ಮಳೆಯಲ್ಲೇ ನಿಂತು ಫೋನು ತೆಗೆದ. “ರಿಲೀಸ್ ಮುಂದಕ್ಕೆ ಹಾಕ್ತೀನಿ. ಯಾರೇನಂದ್ರೂ ನಾನ್ ನೋಡ್ಕೋತೀನಿ.”

ಆ ಸಂಜೆ ಮನೆಯಲ್ಲಿ ಅಕೀಲಾಳಿಗೆ ಊಟ ಸೇರಲಿಲ್ಲ. “ಕಾಯ್ಕು, ಯಾಕೆ ಇಷ್ಟು ಮನಸಿಗೆ ಹಚ್ಕೊಂಡಿದ್ದಿ? ಬೊಂಬೆಗೆ ತಾನೇ ತಾಕಿದ್ದು?” ಎಂದ ತೌಸಿಫ್.

“ಓಪಾ ಅವತ್ತು ಕೇಳಿದ್ರು, ಓಡಿಸೋರು ಯಾರು ಅಂತ. ಆ ಹಳೇ ಕಾರಲ್ಲಿ ಓಡಿಸೋರು ಸೀಟಲ್ಲಿ ಇರ್ತಾರೆ. ಈ ಕಾರಲ್ಲಿ ಓಡಿಸೋಳು ನಾನು, ತೌಸಿಫ್. ಯಾವುದೋ ಊರಲ್ಲಿ, ಇನ್ನೈದು ವರ್ಷ ಬಿಟ್ಟು, ಯಾರೋ ರಸ್ತೆ ದಾಟ್ತಾರಲ್ಲ, ಆವಾಗ ಬ್ರೇಕ್ ಹಾಕೋದು ಇವತ್ತಿನ ನಾನು.”

ತೌಸಿಫ್ ಅವಳ ತಟ್ಟೆಯನ್ನು ಬಿಸಿ ಮಾಡಿ ತಂದಿಟ್ಟ.

ಮರುದಿನ ಅವಳು ವಿಲ್ಲೆಮ್‌ರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ನಿಮ್ಮನ್ನ ಅದು ಸರಿಯಾಗಿ ನೋಡ್ಲಿಲ್ಲ ಓಪಾ. ಕ್ಷಮಿಸಿ. ನಿಮ್ಮಂಥವರು ನಡೆಯೋದನ್ನ ನಾವು ಅದಕ್ಕೆ ಸಾಕಷ್ಟು ತೋರಿಸೇ ಇಲ್ಲ.”

ವಿಲ್ಲೆಮ್ ಹೆದರಲೂ ಇಲ್ಲ, ಬೇಸರಿಸಿಕೊಳ್ಳಲೂ ಇಲ್ಲ. “ತೋರಿಸಿದ್ರೆ ಕಲಿಯುತ್ತಾ?”

“ಕಲಿಯುತ್ತೆ. ಆದ್ರೆ ತುಂಬಾ ಸಲ ತೋರಿಸ್ಬೇಕು. ಬೇರೆ ಬೇರೆ ಜನ, ಬೇರೆ ಬೇರೆ ಬೆಳಕು.”

“ಮತ್ತೆ ತಡ ಯಾಕೆ?” ಎಂದು ಎದ್ದು ಕೋಟು ತೂಗುವ ಗೂಟಕ್ಕೆ ಕೈ ಹಾಕಿದರು. ಕೋಟು ಟ್ರ್ಯಾಕಿನಲ್ಲೇ ಉಳಿದಿತ್ತು.

ವಿಲ್ಲೆಮ್ ಬಿಳಿ ಕೋಲಿನಲ್ಲಿ ನಡೆಯುವುದನ್ನು ಕಲಿಯಲು ವಾರಕ್ಕೊಮ್ಮೆ ಹೋಗುತ್ತಿದ್ದ ಕಡೆ ತಮ್ಮಂಥ ಹತ್ತು ಜನರನ್ನು ಒಪ್ಪಿಸಿದರು. ಅವರಲ್ಲಿ ಹುಟ್ಟು ಕುರುಡಿಯಾದ ಸಂಗೀತದ ಟೀಚರ್ ಒಬ್ಬರಿದ್ದರು, ದಾರಿ ತೋರುವ ನಾಯಿ ಕರೆದುಕೊಂಡು ಬರುವವರಿದ್ದರು, ಗಾಲಿಯ ಊರುಗೋಲಿನ ಅಜ್ಜಿಯೂ ಇದ್ದರು. ಜನವರಿಯಿಂದ ವಾರಕ್ಕೆರಡು ದಿನ ಅವರೆಲ್ಲ ರನ್‌ವೇಗೆ ಬಂದರು. ಸೆಡಾನನ್ನು ಕದಲದಂತೆ ನಿಲ್ಲಿಸಿ ಅದರ ಕ್ಯಾಮೆರಾಗಳನ್ನು ಮಾತ್ರ ತೆರೆದಿಟ್ಟರು. ಅದರ ಮುಂದೆ ಆ ಹನ್ನೊಂದು ಮಂದಿ ನಡೆದರು. ಬಿಸಿಲಲ್ಲಿ, ಮೋಡದಲ್ಲಿ, ಹನಿ ಬೀಳುವಾಗ, ಬಗ್ಗಿ, ನೆಟ್ಟಗೆ, ನಡುದಾರಿಯಲ್ಲಿ ನಿಂತು, ಹಿಂದಕ್ಕೆ ತಿರುಗಿ. ವಿಲ್ಲೆಮ್‌ರನ್ನು ಪ್ರತಿ ಸಲವೂ ಅಕೀಲಾ ಹಸಿರು ಕಾರಿನಲ್ಲೇ ಕರೆತರುತ್ತಿದ್ದಳು. ಅದು ಸೆಡಾನಿನ ಪಕ್ಕದಲ್ಲೇ ನಿಲ್ಲುತ್ತಿತ್ತು. ಒಂದು ಎದುರಿನ ಯಾವುದನ್ನೂ ನೋಡಲಾರದು, ಇನ್ನೊಂದು ರೆಪ್ಪೆಯಿಲ್ಲದ ಕಣ್ಣುಗಳಿಂದ ನೋಡುತ್ತಲೇ ಇತ್ತು. ಕಣ್ಣು ಕಾಣದವರು ನಡೆದು ನಡೆದು ಒಂದು ಯಂತ್ರಕ್ಕೆ ನೋಡುವುದನ್ನು ಕಲಿಸುತ್ತಿದ್ದರು. ಒಂದು ಮಧ್ಯಾಹ್ನ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಆ ಸಾಲನ್ನು ನೋಡಿದ ಅಕೀಲಾ ಎದ್ದು ಹೋಗಿ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟಳು.

ಏಪ್ರಿಲ್ ಕೊನೆಯ ವಾರ, ಮೋಡ ಕವಿದ ಸಂಜೆ, ಪರೀಕ್ಷೆಯ ಓಟ. ಅದೇ ಬಗ್ಗಿದ ಬೊಂಬೆ, ಅದೇ ಬಿಳಿ ಕೊಳವೆ, ಅದೇ ಮಳೆ. ಬೇಲಿಯ ಆಚೆ ಹನ್ನೊಂದು ಮಂದಿಯೂ ನಿಂತಿದ್ದರು. ಅಕೀಲಾ ಡ್ರೈವರ್ ಪಕ್ಕ ಕೂತು ಪರದೆಯ ಮೇಲೆ ಕಣ್ಣು ನೆಟ್ಟಳು. ಬೊಂಬೆ ರಸ್ತೆಗೆ ಕಾಲಿಡುವ ಮೊದಲೇ, ಅಂಚಿನಲ್ಲಿ ಕೋಲು ತೂಗಿದಾಗಲೇ ‘ಮನುಷ್ಯ’ ಎಂದು ಬಂತು. ಅಲ್ಲಾಡದೆ ನಿಂತಿತು. ಕಾರು ವೇಗ ತಗ್ಗಿಸಿತು, ಇನ್ನೂ ತಗ್ಗಿಸಿತು, ನಿಂತಿತು. ಹತ್ತು ಸಲ ಓಡಿಸಿದರು. ಹತ್ತು ಸಲವೂ ನಿಂತಿತು.

ಬೇಲಿಯ ಆಚೆಗೆ ಏನೂ ಗೊತ್ತಾಗಿರಲಿಲ್ಲ. ಸೆಡಾನಿಗೆ ಸದ್ದೇ ಇಲ್ಲವಲ್ಲ. “ಏನಾಯ್ತು? ಹೇಳೇ!” ಎಂದು ವಿಲ್ಲೆಮ್ ಕೂಗಿದರು.

“ನಿಂತಿತು ಓಪಾ! ಎಲ್ಲಾ ಸಲ ನಿಂತಿತು!”

ವಿಲ್ಲೆಮ್ ಕೋಲು ಆಡಿಸುತ್ತ ರನ್‌ವೇ ಮೇಲೆ ನಡೆದು ಬಂದರು. ಬೊಂಬೆಯನ್ನು ಮುಟ್ಟಿ ನೋಡಿದರು, ತಮ್ಮ ಕೋಟನ್ನು ಗುರುತು ಹಿಡಿದರು. ಅಲ್ಲಿಂದ ಕೋಲನ್ನು ನೆಲಕ್ಕೆ ಮಲಗಿಸಿ ಕಾರಿನ ಕಡೆಗೆ ಅಳೆದರು. ಒಂದು ಕೋಲು. ಮತ್ತೆ ಅರ್ಧ ಕೋಲು. ಆಗ ಅವರ ಬೆರಳಿಗೆ ಕಾರಿನ ಬೆಚ್ಚನೆಯ ಮೂಗು ತಾಕಿತು.

“ಒಂದೂವರೆ ಕೋಲು” ಎಂದು ಅವರು ಹಿಂದಿರುಗಿ ಉಳಿದ ಹತ್ತು ಮಂದಿಗೆ ಕೇಳುವಂತೆ ಕೂಗಿದರು. ಆ ಹತ್ತು ಮಂದಿಯೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕೋಲಿನಲ್ಲಿ ಅಳೆದರು. ಮಳೆ ಜೋರಾಯಿತು. ಯಾರೂ ಒಳಗೆ ಹೋಗಲಿಲ್ಲ. ಚಿರಂತನ ಛತ್ರಿಯನ್ನು ಊರುಗೋಲಿನ ಅಜ್ಜಿಯ ತಲೆಯ ಮೇಲೆ ಹಿಡಿದು, ಅವರ ಸರದಿ ಬರುವವರೆಗೆ ಪಕ್ಕದಲ್ಲೇ ನಿಂತಿದ್ದ.